ಬಿಳಿ ಗೋಡೆ, ತಿಳಿಬಣ್ಣದ ಮರ: ಹುಣಸೂರಿನ ಮನೆಗೆ ಹೊಂದುತ್ತದೆಯೆ?

ಪ್ರಶ್ನೆ: ಹುಣಸೂರಿನಲ್ಲಿ 30–40ರ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೋಲ್ಡ್ ಆಗಿದೆ, ಇನ್ನು ಒಳಗಿನ ಕೆಲಸ ಶುರುವಾಗಬೇಕು. ಬೆಂಗಳೂರಿನಲ್ಲಿರುವ ಮಗ ‘ಸ್ಕ್ಯಾಂಡಿನೇವಿಯನ್ ಮಿನಿಮಲ್’ ಶೈಲಿಯಲ್ಲಿ ಮಾಡಿಸೋಣ ಎಂದು ದಿನಾ ಫೋಟೊ ಕಳಿಸುತ್ತಾನೆ. ಎಲ್ಲ ಬಿಳಿ ಗೋಡೆ, ತಿಳಿ ಬಣ್ಣದ ಮರ, ಅಲ್ಲೊಂದು ಇಲ್ಲೊಂದು ಕುರ್ಚಿ. ನಮ್ಮ ಯಜಮಾನರು ‘ಆಸ್ಪತ್ರೆ ಇದ್ದ ಹಾಗಿದೆ’ ಅನ್ನುತ್ತಾರೆ. ಅತ್ತೆಯವರ ಕಾಲದ ತೇಗದ ಮಂಚ, ಹಿತ್ತಾಳೆ ಪಾತ್ರೆಗಳಿವೆ. ಅವನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಬೇಕೆ? ನಮ್ಮ ಕಡೆಯ ಧೂಳಿಗೆ, ಬಿಸಿಲಿಗೆ ಇದೆಲ್ಲ ತಡೆಯುತ್ತದೆಯೆ? ದಯವಿಟ್ಟು ತಿಳಿಸಿ.

ಉತ್ತರ: ಒಳ್ಳೆಯ ಸಮಯಕ್ಕೇ ಕೇಳಿದ್ದೀರಿ. ಮೋಲ್ಡ್ ಮುಗಿದು, ಬಡಗಿ ಕೆಲಸ ಇನ್ನೂ ಶುರುವಾಗದ ಈ ಹೊತ್ತಿನಲ್ಲಿ ಕೇಳಿದರೆ ಉತ್ತರದಿಂದ ಉಪಯೋಗವಿದೆ. ನಿಮ್ಮ ಪತ್ರದಲ್ಲಿರುವ ಸಂದೇಹಗಳು ಮೂರು. ಈ ಶೈಲಿ ಎಂದರೆ ನಿಜಕ್ಕೂ ಏನು? ನಮ್ಮ ಊರಿನ ಹವೆಗೆ ಇದು ಹೊಂದುತ್ತದೆಯೆ? ಮನೆಯಲ್ಲಿ ಈಗಾಗಲೇ ಇರುವ ಸಾಮಾನುಗಳ ಗತಿಯೇನು? ಉತ್ತರವನ್ನು ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ತಮಾಷೆಗೆ ಅಂದಿರಬಹುದು, ಆದರೆ ಚರಿತ್ರೆ ಅವರ ಕಡೆಗಿದೆ.

ಈ ಶೈಲಿಯ ಹೆಸರಾಂತ ಪೀಠೋಪಕರಣಗಳಲ್ಲಿ ಒಂದು ಹುಟ್ಟಿದ್ದೇ ಆಸ್ಪತ್ರೆಗಾಗಿ. ಫಿನ್ಲೆಂಡಿನ ಪೈಮಿಯೊ ಎಂಬಲ್ಲಿ ಕ್ಷಯರೋಗಿಗಳಿಗಾಗಿ 1933ರಲ್ಲಿ ಒಂದು ಆರೋಗ್ಯಧಾಮ ತೆರೆಯಿತು. ಮೈಸೂರಿನ ಪಿಕೆ ಸ್ಯಾನಿಟೋರಿಯಂ ನಿಮಗೆ ಗೊತ್ತಿರುತ್ತದೆ, ಅದೇ ಬಗೆಯ ಸಂಸ್ಥೆ. ಪೈಮಿಯೊದ ಆ ಆರೋಗ್ಯಧಾಮದ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ ಕಟ್ಟಡದ ಜೊತೆಗೆ ಒಳಗಿನ ಕುರ್ಚಿ, ದೀಪ, ಕೈತೊಳೆಯುವ ಬೇಸಿನ್ನುಗಳನ್ನೂ ರೂಪಿಸಿದ. ಆ ಕಾಲದಲ್ಲಿ ಉಕ್ಕಿನ ಕೊಳವೆ ಬಗ್ಗಿಸಿ ಮಾಡಿದ ಕುರ್ಚಿಗಳು ಹೊಸ ಫ್ಯಾಷನ್ನು. ಆದರೆ ಚಳಿ ದೇಶದಲ್ಲಿ ರೋಗಿಯ ಮೈಗೆ ಉಕ್ಕು ತಣ್ಣಗೆ ತಾಗುತ್ತದೆ ಎಂದು ಆಲ್ಟೊ ಅಲ್ಲಿನ ಬರ್ಚ್ ಮರದ ಪದರಗಳನ್ನು ಬಗ್ಗಿಸಿ ಕುರ್ಚಿ ಮಾಡಿದ. ಕೂತವರಿಗೆ ಉಸಿರಾಟ ಸಲೀಸಾಗಲಿ ಎಂದು ಬೆನ್ನಿನ ಓರೆಯನ್ನು ಲೆಕ್ಕ ಹಾಕಿ ಇಟ್ಟ. ಇನ್ನೂ ಒಂದು ಸೂಕ್ಷ್ಮವಿದೆ. ಮಲಗಿದ ರೋಗಿ ಇಡೀ ದಿನ ನೋಡುವುದು ಸೂರನ್ನು. ಆದ್ದರಿಂದ ಸೂರಿಗೆ ಬಿಳಿ ಹೊಡೆಸದೆ, ಕಣ್ಣಿಗೆ ತಂಪೆನಿಸುವ ಹಸಿರು ಛಾಯೆಯ ಬಣ್ಣ ಹಚ್ಚಿಸಿದ. ದೀಪವನ್ನು ಮಲಗಿದವರ ಕಣ್ಣಿಗೆ ನೇರವಾಗಿ ಬೀಳದ ಕಡೆ ಇಟ್ಟ. ಪಕ್ಕದ ಹಾಸಿಗೆಯವರಿಗೆ ನಿದ್ದೆ ಕೆಡದಿರಲೆಂದು ಬೇಸಿನ್ನಿಗೆ ನೀರು ಸದ್ದಿಲ್ಲದೆ ಬೀಳುವಂತೆ ಓರೆ ಕೊಟ್ಟ. ಮೆಟ್ಟಿಲಿಗೆ ಹಳದಿ ನೆಲಹಾಸು.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಮಗ ಕಳಿಸುವ ಫೋಟೊಗಳಲ್ಲಿ ಬಣ್ಣ ಕಾಣುತ್ತದೆ, ಲೆಕ್ಕಾಚಾರ ಕಾಣುವುದಿಲ್ಲ. ಆ ಶೈಲಿಯಲ್ಲಿ ನಮಗೆ ಉಪಯೋಗಕ್ಕೆ ಬರುವುದು ಆ ಲೆಕ್ಕಾಚಾರವೇ. ಅಲ್ಲಿ ವಾಸಿಸುವವರು ಯಾರು, ಏನು ಮಾಡುತ್ತಾರೆ, ಎಲ್ಲಿ ನೋಡುತ್ತಾರೆ ಎಂದು ಮೊದಲು ಕೇಳಿಕೊಂಡು ಆಮೇಲೆ ಮರಕ್ಕೆ ಕೈ ಹಾಕುವುದು.

ಹಾಗಾದರೆ ಅಷ್ಟೊಂದು ಬಿಳಿ ಏಕೆ? ಅವರ ಸೂರ್ಯನಿಂದಾಗಿ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ಕೊನೆಯ ವಾರದಲ್ಲಿ ಹಗಲು ಸುಮಾರು 6 ಗಂಟೆ ಮಾತ್ರ. ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ 7 ಡಿಗ್ರಿಯಷ್ಟೇ ಮೇಲಿರುತ್ತಾನೆ, ಅಂದರೆ ನಮ್ಮಲ್ಲಿ ಬೆಳಿಗ್ಗೆ ಸೂರ್ಯ ಹುಟ್ಟಿ ಅರ್ಧ ಗಂಟೆಗೆ ಇರುವಷ್ಟು. ಹಾಗೆ ಓರೆಯಾಗಿ ಬರುವ ಚೂರು ಬೆಳಕನ್ನು ಕೋಣೆಯ ಮೂಲೆಯವರೆಗೂ ಎಳೆದುಕೊಳ್ಳಲು ಬಿಳಿ ಗೋಡೆ, ತಿಳಿ ಬಣ್ಣದ ನೆಲ, ದೊಡ್ಡ ಕಿಟಕಿ, ತೆಳು ಪರದೆ ಬೇಕು. ಹುಣಸೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೇ ಸುಮಾರು 11 ಗಂಟೆ 25 ನಿಮಿಷ, ಅತಿ ದೊಡ್ಡದು 12 ಗಂಟೆ 50 ನಿಮಿಷ. ಡಿಸೆಂಬರಿನಲ್ಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಇದರ ಜೊತೆಗೆ ಹಲವರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಿಮ್ಮೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಉತ್ತರದ ಕಿಟಕಿಗೆ ಸಜ್ಜ ಬೇಡ ಎಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ.

ಅವರಿಗೆ ಬೆಳಕು ಸಾಲದು, ನಮಗೆ ಬೆಳಕು ಹೆಚ್ಚು. ನಡು ಹಗಲಲ್ಲಿ ಹೊಳಪಿನ ಬಿಳಿ ಗೋಡೆ, ಅದರ ಕೆಳಗೆ ಹೊಳಪಿನ ಬಿಳಿ ವಿಟ್ರಿಫೈಡ್ ಟೈಲ್ಸು ಹಾಕಿದರೆ ಕಣ್ಣು ಕುಕ್ಕುತ್ತದೆ. ಗೋಡೆಗೆ ಹೊಳಪಿಲ್ಲದ, ಒರೆಸಿದರೆ ಹೋಗುವಂಥ ಪೇಂಟು ಇರಲಿ. ಬಣ್ಣ ಅಚ್ಚ ಬಿಳಿಗಿಂತ ಒಂದು ಮೆಟ್ಟಿಲು ಕೆಳಗೆ, ಹಳೆಯ ಸುಣ್ಣದ ಗೋಡೆಯ ಛಾಯೆಯಲ್ಲಿರಲಿ. ನೆಲವಂತೂ ಬಿಳಿ ಬೇಡವೇ ಬೇಡ. ನಿಮ್ಮದು ಕೆಂಪು ಮಣ್ಣಿನ ಸೀಮೆ. ಮೈಸೂರು–ಮಡಿಕೇರಿ ರಸ್ತೆಗೆ ಹತ್ತಿರದ ಮನೆಯಾದರಂತೂ ಬೆಳಿಗ್ಗೆ ಒರೆಸಿದ ನೆಲದ ಮೇಲೆ ಸಂಜೆಯೊಳಗೆ ಹೆಜ್ಜೆಗುರುತು ಎಣಿಸಬಹುದು. ರೆಡ್ ಆಕ್ಸೈಡ್ ನೆಲ ಹಾಕಬಲ್ಲ ಗಾರೆಯವರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಮಣ್ಣಿನ ಬಣ್ಣಕ್ಕೆ ಹತ್ತಿರದ ಮ್ಯಾಟ್ ಟೈಲ್ಸ್ ಅಥವಾ ಕೋಟಾ ಕಲ್ಲು ಸಾಕು. ಕೆಂಪು ನೆಲದ ಮೇಲೆ ತಿಳಿ ಬಣ್ಣದ ಮರ ಬಿಳಿ ನೆಲದ ಮೇಲಿಗಿಂತ ಚೆನ್ನಾಗಿ ಎದ್ದು ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಗೊಂದಲ ಸಹಜ. ಸ್ಕ್ಯಾಂಡಿನೇವಿಯನ್ ಎಂದರೂ ಮಿನಿಮಲ್ ಎಂದರೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ, ಏಕೆಂದರೆ ಮಾರುವವರು ಎರಡನ್ನೂ ಸೇರಿಸಿಯೇ ಹೇಳುತ್ತಾರೆ. ಆದರೆ ಎರಡೂ ಬೇರೆ. ಮಿನಿಮಲಿಸಂ ಎಂಬುದು 1960ರ ದಶಕದ ಅಮೆರಿಕದ ಕಲೆಯಿಂದ ಬಂದ ಮಾತು. ಎಲ್ಲವನ್ನೂ ತೆಗೆದು ಹಾಕಿ ಉಳಿದದ್ದನ್ನು ನೋಡುವುದು ಅದರ ಕ್ರಮ. ಉತ್ತರ ಯೂರೋಪಿನ ಮನೆಯ ಕಥೆ ಅದಕ್ಕಿಂತ ಹಳೆಯದು, ಅಷ್ಟು ಬರಿದೂ ಅಲ್ಲ. ಸ್ವೀಡನ್ನಿನ ಚಿತ್ರಕಾರ ಕಾರ್ಲ್ ಲಾರ್ಸನ್ ಮತ್ತು ಅವನ ಹೆಂಡತಿ ಕಾರಿನ್ ಸುಂಡ್‌ಬೋರ್ನ್ ಎಂಬ ಹಳ್ಳಿಯಲ್ಲಿ ತಮ್ಮ ಮನೆಯನ್ನು ತಾವೇ ರೂಪಿಸಿಕೊಂಡರು. ಊಟದ ಕೋಣೆಗೆ ಕೆಂಪು, ಹಸಿರು ಬಳಿದರು. ಮನೆಗೆ ಬೇಕಾದ ಬಟ್ಟೆಗಳನ್ನು ಕಾರಿನ್ ತಾನೇ ನೇಯ್ದಳು. ಆ ಮನೆಯ ಚಿತ್ರಗಳ ಪುಸ್ತಕ 1899ರಲ್ಲಿ ಹೊರಬಂದು ಇಡೀ ದೇಶಕ್ಕೆ ಮಾದರಿಯಾಯಿತು. ಅದೇ ವರ್ಷ ಎಲೆನ್ ಕೆಯ್ ಎಂಬ ಲೇಖಕಿ, ಸೌಂದರ್ಯ ಎಲ್ಲರ ಮನೆಗೂ ಬೇಕು, ಬಡವರ ಮನೆಗೂ ಬೇಕು ಎಂದು ವಾದಿಸಿ ಪುಸ್ತಕ ಬರೆದಳು. ಬರಿದು ಮಾಡುವ ಹಟ ಇವರಾರಿಗೂ ಇರಲಿಲ್ಲ. ಹಾಗಾಗಿ ಮಗ ‘ಸ್ಕ್ಯಾಂಡಿನೇವಿಯನ್’ ಎಂದರೆ ಧೈರ್ಯವಾಗಿ ಹೂಂ ಅನ್ನಿ. ‘ಮಿನಿಮಲ್’ ಎಂದಾಗ ಮಾತ್ರ ಎಷ್ಟು ಎಂದು ಕೇಳಿ.

ನಿಮ್ಮ ತೇಗದ ಮಂಚದ ವಿಚಾರವೂ ಇದಕ್ಕೇ ಸೇರುತ್ತದೆ. 1950–60ರ ದಶಕದಲ್ಲಿ ಡೆನ್ಮಾರ್ಕಿನ ಪೀಠೋಪಕರಣ ಜಗತ್ತಿನಲ್ಲೆಲ್ಲ ಹೆಸರು ಮಾಡಿದ್ದು ಬಹುಮಟ್ಟಿಗೆ ತೇಗದಿಂದಲೇ. ತೇಗ ಅಲ್ಲಿ ಬೆಳೆಯುವುದಿಲ್ಲ, ಥಾಯ್ಲೆಂಡ್ ಮತ್ತು ಬರ್ಮಾ ಕಡೆಯಿಂದ ಹಡಗಿನಲ್ಲಿ ತರಿಸಿದ್ದು. ಎಷ್ಟೋ ಸಾವಿರ ಮೈಲಿಯಿಂದ ಅವರು ತರಿಸಿಕೊಂಡ ಮರ ನಿಮ್ಮ ಮನೆಯಲ್ಲಿ ಮಂಚವಾಗಿ ನಿಂತಿದೆ, ಅದನ್ನು ಕೊಟ್ಟು ಕಾಗದದ ಪದರ ಅಂಟಿಸಿದ ಮಂಚ ತರುವುದು ಯಾವ ಶೈಲಿಗೂ ಸಲ್ಲದು. ಹಳೆಯ ಪಾಲಿಶ್ ಕಪ್ಪಾಗಿದ್ದರೆ ಉಜ್ಜಿಸಿ ತೆಗೆಸಿ, ಹೊಳಪಿಲ್ಲದ ತೆಳು ಪಾಲಿಶ್ ಮಾಡಿಸಿ. ಅಡಿಯಲ್ಲಿರುವ ಜೇನಿನ ಬಣ್ಣ ನೋಡಿ ಮಗನೇ ಫೋಟೊ ತೆಗೆಯುತ್ತಾನೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ, ಅಳತೆ. ಡೆನ್ಮಾರ್ಕಿನ ಕೋರೆ ಕ್ಲಿಂಟ್ ಎಂಬಾತ 1924ರಿಂದ ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ ಪೀಠೋಪಕರಣ ಕಲಿಸುತ್ತಿದ್ದ. ಕಪಾಟು ಮಾಡುವ ಮೊದಲು ಅದರೊಳಗೆ ಇಡುವ ವಸ್ತುಗಳನ್ನು ಅಳೆಯಿರಿ ಎಂಬುದು ಅವನ ಪಾಠ. ಅಂಗಿ ಮಡಿಸಿದರೆ ಎಷ್ಟು ಅಗಲ, ತಟ್ಟೆ ಎಷ್ಟು, ಚಮಚ ಎಷ್ಟು, ಇವುಗಳಿಂದಲೇ ಖಾನೆಯ ಅಳತೆ ಹುಟ್ಟಬೇಕು. ಅವನ ಶಿಷ್ಯ ಬೋರ್ಗೆ ಮೊಗೆನ್‌ಸೆನ್ 1942ರಿಂದ ಒಂದು ಗ್ರಾಹಕರ ಸಹಕಾರ ಸಂಘದ ಪೀಠೋಪಕರಣ ವಿಭಾಗ ನೋಡಿಕೊಂಡು, ಸಾಮಾನ್ಯ ಸಂಬಳದವರು ಕೊಳ್ಳುವಂಥ ಕುರ್ಚಿ ಮೇಜು ಮಾಡಿಸಿದ. ಮುಂದೆ ಗ್ರೇತ ಮೇಯರ್ ಎಂಬಾಕೆಯ ಜೊತೆಗೂಡಿ ಇಡೀ ಸಂಸಾರದ ಬಟ್ಟೆಬರೆ, ಪಾತ್ರೆಪಗಡಿ ಅಳೆದು ಗೋಡೆ ಕಪಾಟುಗಳನ್ನು ರೂಪಿಸಿದ. ಸ್ವೀಡನ್ನಿನಲ್ಲಿ 1944ರಲ್ಲಿ ಮನೆಗೆಲಸದ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಅಡುಗೆ ಮಾಡುವ ಹೆಂಗಸರು ಎಷ್ಟು ಬಗ್ಗುತ್ತಾರೆ, ಎಷ್ಟು ನಡೆಯುತ್ತಾರೆ, ಕಟ್ಟೆ ಎಷ್ಟು ಎತ್ತರವಿದ್ದರೆ ಸೊಂಟ ನೋಯುವುದಿಲ್ಲ ಎಂದು ಅಲ್ಲಿ ಪರೀಕ್ಷಿಸಿದರು. ಆ ದೇಶದ ಅಡುಗೆಮನೆಯ ಅಳತೆಗಳು ನಿಂತದ್ದು ಇಂಥ ಪರೀಕ್ಷೆಗಳ ಮೇಲೆ.

ಇದನ್ನು ಹುಣಸೂರಿಗೆ ತನ್ನಿ. ಮಾಡ್ಯುಲರ್ ಕಿಚನ್‌ನವರು ಬಂದು ಕಟ್ಟೆ 2 ಅಡಿ 10 ಇಂಚು ಅನ್ನುತ್ತಾರೆ. ಅನ್ನ ಸಾರಿಗೆ ಸರಿ. ಮುದ್ದೆಗೆ? ಆ ಎತ್ತರದ ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಪಾತ್ರೆ. ಮುದ್ದೆಕೋಲು ಹಿಡಿದ ಕೈ ಎದೆಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಹಿಟ್ಟು ತೊಳಸಲು ಭುಜಕ್ಕೆ ಬಲ ಸಿಗುವುದಿಲ್ಲ. ಆಗ ಏನಾಗುತ್ತದೆ ಎಂದು ನಿಮಗೇ ಗೊತ್ತು. ಪಾತ್ರೆಯನ್ನು ಕೆಳಗಿಳಿಸಿ ನೆಲದ ಮೇಲೆ ಕೂತು ತೊಳಸುವುದು, ಲಕ್ಷಗಟ್ಟಲೆ ಕೊಟ್ಟ ಕಿಚನ್ನು ಮೇಲಿನಿಂದ ನೋಡುತ್ತಿರುವುದು. ಒಲೆ ಇಡುವ ಭಾಗವನ್ನು ಮಾತ್ರ ಐದಾರು ಇಂಚು ತಗ್ಗಿಸಲು ಹೇಳಿ. ಮನೆಯಲ್ಲಿ ಹೆಚ್ಚಾಗಿ ಮುದ್ದೆ ಮಾಡುವವರನ್ನು ನಿಲ್ಲಿಸಿ, ಒಲೆಯ ಎತ್ತರಕ್ಕೆ ಇಟ್ಟಿಗೆ ಜೋಡಿಸಿ, ಕೋಲು ಹಿಡಿಸಿ ನೋಡಿ. ಮೊಣಕೈ ಎಲ್ಲಿ ಬರುತ್ತದೋ ಅದರಿಂದ ಕಟ್ಟೆಯ ಎತ್ತರ ತೀರ್ಮಾನವಾಗಲಿ. ಆ ಸ್ವೀಡನ್ನಿನ ಸಂಸ್ಥೆಯವರು ಇಲ್ಲಿಗೆ ಬಂದಿದ್ದರೂ ಇದನ್ನೇ ಮಾಡುತ್ತಿದ್ದರು.

ಬಟ್ಟೆಯ ಕಪಾಟಿನದೂ ಇದೇ ಕಥೆ. ವಾರ್ಡ್‌ರೋಬಿಗೆ 2 ಅಡಿ ಆಳ ಎಂಬ ರೂಢಿ ಬಂದದ್ದು ಹ್ಯಾಂಗರಿಗೆ ನೇತುಹಾಕುವ ಕೋಟು, ಅಂಗಿಗಳ ಭುಜದ ಅಗಲದಿಂದ. ಮಡಿಸಿಟ್ಟ ಸೀರೆ, ಪಂಚೆ, ಟವಲಿಗೆ ಒಂದೂಕಾಲು ಅಡಿ ಆಳ ಸಾಕು. ಎರಡಡಿ ಕೊಟ್ಟರೆ ಹಿಂದಿನ ಸಾಲು ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಒಂದು ಭಾಗವನ್ನು ಮಾತ್ರ ಹ್ಯಾಂಗರಿಗೆಂದು ಆಳವಾಗಿ ಮಾಡಿಸಿ, ಉಳಿದದ್ದನ್ನು ಕಿರಿದಾಗಿಸಿ. 10 ಅಡಿಯ ಕೋಣೆಯಲ್ಲಿ ಮುಕ್ಕಾಲು ಅಡಿ ಉಳಿತಾಯವೆಂದರೆ ಸಣ್ಣ ಮಾತಲ್ಲ. ಪ್ಲೈವುಡ್ ಖರ್ಚೂ ಇಳಿಯುತ್ತದೆ.

ಹಿತ್ತಾಳೆ ಪಾತ್ರೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಎರಡು ಗುಂಪು ಮಾಡಿ. ವರ್ಷದಲ್ಲಿ ನಾಲ್ಕಾರು ಸಲವಾದರೂ ಒಲೆಗೆ, ಪೂಜೆಗೆ, ನೀರಿಗೆ ಬಳಸುವವು ಒಂದು ಕಡೆ. ನೆನಪಿಗೆ ಇಟ್ಟುಕೊಂಡವು ಇನ್ನೊಂದು ಕಡೆ. ಮೊದಲ ಗುಂಪಿಗೆ ಅಡುಗೆಮನೆಯಲ್ಲಿ ಅಳತೆಗೆ ತಕ್ಕ ಖಾನೆ ಮಾಡಿಸಿ. ಎರಡನೆಯದರಲ್ಲಿ ದೊಡ್ಡ ಕೊಳಗವನ್ನೋ ಒಳ್ಳೆಯ ಬಿಂದಿಗೆಯನ್ನೋ ಹಜಾರದಲ್ಲಿ ಒಂದೇ ಒಂದಾಗಿ ಇಡಿ. ಬಿಳಿ ಗೋಡೆಯ ಮುಂದೆ ತೊಳೆದ ಹಿತ್ತಾಳೆಗಿರುವ ಕಳೆ ಆಮದು ಹೂಜಿಗೆ ಬಾರದು. ಉಳಿದವು ಸಜ್ಜದ ಮೇಲೆ ಡಬ್ಬಿಯೊಳಗೆ ಸುಖವಾಗಿರಲಿ, ಯಾರಿಗೂ ಕೊಡಬೇಕಿಲ್ಲ. ಆದರೆ ಶೋಕೇಸ್ ಬಗ್ಗೆ ಮಾತ್ರ ನಾನು ಮಗನ ಪಕ್ಷ. ಗಾಜಿನ ಬಾಗಿಲು ಹಾಕಿ, ಮಕ್ಕಳ ಶೀಲ್ಡಿನಿಂದ ಹಿಡಿದು ಪ್ರವಾಸದಲ್ಲಿ ಕೊಂಡ ಗೊಂಬೆಯವರೆಗೆ ಎಲ್ಲವನ್ನೂ ತುಂಬುವ ಆ ಪೆಟ್ಟಿಗೆಯನ್ನು ಹೊಸ ಮನೆಯಲ್ಲಿ ಕಟ್ಟಿಸದಿದ್ದರೆ ನಷ್ಟವಿಲ್ಲ.

ಮರ ಯಾವುದು ಎಂಬ ಪ್ರಶ್ನೆಗೆ ಉತ್ತರ ನಿಮ್ಮೂರಿನಲ್ಲೇ ಇದೆ. ಉತ್ತರ ಯೂರೋಪಿನವರು ತಮ್ಮ ಕಾಡಿನ ಬರ್ಚ್, ಪೈನ್, ಬೀಚ್ ಬಳಸಿದರು, ಏಕೆಂದರೆ ಅವು ಹತ್ತಿರ ಸಿಗುತ್ತಿದ್ದವು. ಹುಣಸೂರು ಕೊಡಗಿನ ಹೆಬ್ಬಾಗಿಲು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆದ ಸಿಲ್ವರ್ ಓಕ್ ಲಾರಿಗಟ್ಟಲೆ ನಿಮ್ಮ ರಸ್ತೆಯಲ್ಲೇ ಇಳಿದು ಬರುತ್ತದೆ. ಮೂಲತಃ ಆಸ್ಟ್ರೇಲಿಯಾದ ಮರ ಇದು. ತಿಳಿ ಗುಲಾಬಿ ಬೆರೆತ ಕಂದು ಬಣ್ಣ, ಸೀಳಿದರೆ ಕಸೂತಿಯಂಥ ಚುಕ್ಕೆ ಸಾಲು. ಬಹಳ ದಿನ ಇದಕ್ಕೆ ಪ್ಯಾಕಿಂಗ್ ಪೆಟ್ಟಿಗೆ, ಪ್ಲೈವುಡ್ ಪದರಗಳಷ್ಟೇ ಗತಿ ಎಂದಿತ್ತು. ತಿಳಿ ಬಣ್ಣದ ಮರ ಬೇಕೆನ್ನುವವರಿಗೆ ಆಮದು ಓಕ್, ಪೈನ್‌ಗಿಂತ ಇದು ಸಹಜವಾದ ಆಯ್ಕೆ. ಒಂದು ದೋಷವಿದೆ, ಹುಳು ಬೇಗ ಹಿಡಿಯುತ್ತದೆ. ಸಾಮಿಲ್ಲಿನಲ್ಲಿ ಸೀಳಿಸಿದ ಮೇಲೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ಸಂಸ್ಕರಿಸಿ ಕೊಡುವವರಿದ್ದರೆ ಅಲ್ಲೇ ಕೊಳ್ಳಿ. ನೆಲ, ಹಸಿ ಗೋಡೆ ತಾಗುವ ಕಡೆ, ಬಾಗಿಲ ಚೌಕಟ್ಟಿಗೆ ಇದನ್ನು ಬಳಸಬೇಡಿ. ಅಲ್ಲಿಗೆ ತೇಗವೋ ಹೊನ್ನೆಯೋ ಇರಲಿ.

ಪ್ಲೈವುಡ್ ಎಂದರೆ ಅಗ್ಗದ ಮಾಲು ಎಂಬ ತಾತ್ಸಾರವೂ ಬೇಡ. ಡೆನ್ಮಾರ್ಕಿನ ಆರ್ನೆ ಯಾಕೊಬ್ಸೆನ್ 1952ರಲ್ಲಿ ಮಾಡಿದ ಇರುವೆಯಾಕಾರದ ಕುರ್ಚಿ, ಆಲ್ಟೊನ ಕುರ್ಚಿಗಳು ಎಲ್ಲವೂ ಪದರ ಮರದ ಕೌಶಲವೇ. ಹುಣಸೂರಿನ ಹೆಸರನ್ನೇ ಹೊತ್ತ ಪ್ಲೈವುಡ್ ಕಾರ್ಖಾನೆ ನಿಮ್ಮೂರಿನದು, ಆ ಕಸುಬು ಬಲ್ಲ ಕೈಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ 303 ಸಾಮಾನ್ಯ ಬಳಕೆಯದು, ಮಲಗುವ ಕೋಣೆಯ ಕಪಾಟಿಗೆ ಸಾಕು. ಐಎಸ್ 710 ಮರೀನ್ ಪ್ಲೈ, ಸಿಂಕಿನ ಕೆಳಗೆ ಮತ್ತು ಬಚ್ಚಲಿನ ಗೋಡೆಗೆ ಒರಗುವ ಕಡೆ ಅದೇ ಬೇಕು. ಮೇಲ್ಮೈಗೆ ಮರದ ಚಿತ್ರವಿರುವ ಸನ್‌ಮೈಕಾ ಹಾಕುವ ಬದಲು ಸಾದಾ ಬಣ್ಣದ್ದು ಹಾಕಿಸಿ, ಮರ ಕಾಣಬೇಕಾದ ಕಡೆ ನಿಜವಾದ ಮರವನ್ನೇ ಕೊಡಿ. ಉತ್ತರ ಯೂರೋಪಿನವರು ತಿಳಿ ಮರಕ್ಕೆ ಸೋಪಿನ ನೀರು ಹಚ್ಚಿ ಬಿಳುಪು ಉಳಿಸಿಕೊಳ್ಳುವ ಪದ್ಧತಿ ಇದೆ. ಅರಿಸಿನದ ಕೈ, ಎಣ್ಣೆ ಕೈ ಓಡಾಡುವ ನಮ್ಮ ಮನೆಗೆ ಅದು ಆಗದು, ನೀರು ಆಧಾರದ ಮ್ಯಾಟ್ ಪಿಯು ಪಾಲಿಶ್ ಸಾಕು.

ದೇವರ ಮನೆಯನ್ನು ಈ ಲೆಕ್ಕದಿಂದ ಪೂರ್ತಿ ಹೊರಗಿಡಿ. ದೀಪದ ಮಸಿ ಯಾವ ಬಿಳಿಯನ್ನೂ ಬಿಡುವುದಿಲ್ಲ. ಒಳಗೆ ಕಲ್ಲು ಅಥವಾ ಗಾಢ ಬಣ್ಣ ಇರಲಿ. ಬಣ್ಣಕ್ಕೆ ಹೆದರಬೇಕಿಲ್ಲ ಎಂಬುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಹತ್ತಿರದಲ್ಲೇ ಇದೆ. ಅಲ್ಲಿನ ನಾಮ್‌ಡ್ರೋಲಿಂಗ್ ಮಠದ ಒಳಗೆ ಕಂಬ, ತೊಲೆ, ಗೋಡೆ ಯಾವುದನ್ನೂ ಬಣ್ಣವಿಲ್ಲದೆ ಬಿಟ್ಟಿಲ್ಲ, ಆದರೂ ಒಳಗೆ ಕೂತರೆ ಗಲಿಬಿಲಿ ಅನ್ನಿಸುವುದಿಲ್ಲ.

ಈಗ ಆಸ್ಪತ್ರೆಯ ಕಳೆ ಬಾರದಂತೆ ಮಾಡುವುದು ಹೇಗೆ ಎಂಬುದಷ್ಟೇ ಬಾಕಿ. ಆ ಕಳೆ ಗೋಡೆಯಿಂದ ಬರುವುದಕ್ಕಿಂತ ಹೆಚ್ಚಾಗಿ ದೀಪದಿಂದ ಬರುತ್ತದೆ. ನಮ್ಮ ಮನೆಗಳಲ್ಲಿ 6500 ಕೆಲ್ವಿನ್ನಿನ ನೀಲಿ ಬೆರೆತ ಬಿಳಿ ಟ್ಯೂಬು, ಅದೂ ಸೂರಿನ ನಡುವೆ. ಬಿಳಿ ಗೋಡೆಗೆ ಅದು ಸೇರಿದರೆ ವಾರ್ಡಿನ ನೆನಪಾಗುವುದು ಸಹಜ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್‌ಸೆನ್ 1920ರ ದಶಕದಲ್ಲೇ ಬಲ್ಬು ಕಣ್ಣಿಗೆ ಕಾಣದಂತೆ ಹಲವು ತಟ್ಟೆಗಳನ್ನು ಜೋಡಿಸಿ ದೀಪ ರೂಪಿಸಿದ. ನೀವು ಆ ದೀಪ ಕೊಳ್ಳಬೇಕಿಲ್ಲ, ಉಪಾಯ ಕೊಂಡರೆ ಸಾಕು. 2700ರಿಂದ 3000 ಕೆಲ್ವಿನ್ನಿನ ಬಲ್ಬುಗಳನ್ನು ಎರಡು ಮೂರು ಕಡೆ ತಗ್ಗಿನಲ್ಲಿ, ನೆರಳುಮರೆಯೊಂದಿಗೆ ಹಾಕಿಸಿ. ಬಿಳಿ ಟ್ಯೂಬು ಅಡುಗೆಮನೆಗೆ, ಓದುವ ಮೇಜಿಗೆ ಇರಲಿ. ಪಿಒಪಿ ಫಾಲ್ಸ್ ಸೀಲಿಂಗ್ ಬೇಡ ಎಂದರೆ ಆ ದುಡ್ಡಿನಲ್ಲಿ ಇಷ್ಟೂ ದೀಪ ಬಂದು ಮಿಗುತ್ತದೆ, 10 ಅಡಿಯ ಸೂರು 9 ಅಡಿಗೆ ಇಳಿಯುವುದೂ ತಪ್ಪುತ್ತದೆ.

ಮಗ ಬೆಂಗಳೂರಿನ ನಾಗಸಂದ್ರದ ಐಕಿಯಾ ಮಳಿಗೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಹೋಗಿ ಬನ್ನಿ. 2022ರ ಜೂನ್‌ನಲ್ಲಿ ತೆರೆದದ್ದು, ಸ್ವೀಡನ್ನಿನ ಮೂಲದ ಕಂಪನಿ. ಅಲ್ಲಿ ಸಣ್ಣ ಸಣ್ಣ ಕೋಣೆಗಳನ್ನು ಪೂರ್ತಿ ಸಜ್ಜು ಮಾಡಿ ಇಟ್ಟಿರುತ್ತಾರೆ. ಅಳತೆ ಟೇಪು ಒಯ್ದು ಖಾನೆಗಳ ಆಳ, ಮೇಜಿನ ಎತ್ತರ ಬರೆದುಕೊಂಡು ಬಂದರೆ ನಿಮ್ಮ ಊರಿನ ಆಚಾರ್ರಿಗೆ ಅದೇ ಒಳ್ಳೆಯ ನಕ್ಷೆ.

ಕೊನೆಯದಾಗಿ ಮರದ ವೇಳೆ. ಮಳೆಗಾಲದಲ್ಲಿ ಸೀಳಿದ ಹಸಿ ಹಲಗೆಯಿಂದ ಬಾಗಿಲು ಮಾಡಿಸಿದರೆ ಬೇಸಿಗೆಯಲ್ಲಿ ಸೀಳು ಬಿಡುತ್ತದೆ, ಸೊಟ್ಟಗಾಗುತ್ತದೆ. ಒಳಾಂಗಣದ ಮರದಲ್ಲಿ ತೇವಾಂಶ ಶೇ. 12ರ ಆಸುಪಾಸಿಗೆ ಇಳಿದಿರಬೇಕು. ಅದನ್ನು ಅಳೆಯುವ ಪುಟ್ಟ ಮೀಟರು ದೊಡ್ಡ ಟಿಂಬರ್ ಅಂಗಡಿಗಳಲ್ಲಿ ಇರುತ್ತದೆ, ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹಲಗೆಗಳನ್ನು ಈಗಲೇ ಕೊಂಡು, ಹೊಸ ಮನೆಯ ನೆರಳಿನಲ್ಲಿ, ಒಂದೊಂದರ ನಡುವೆ ರೀಪು ಇಟ್ಟು ಗಾಳಿಯಾಡುವಂತೆ ಪೇರಿಸಿ. ಪೇಂಟಿನ ಕೆಲಸ ಮುಗಿಯುವ ಹೊತ್ತಿಗೆ ಅವು ಕೊಯ್ಯಲು ಹದವಾಗಿರುತ್ತವೆ.